ರೇಡಿಯೋ ಅಕ್ಕ ಓದಿದ ಸುದ್ದಿ

“ಆ ಕಡೆ ಇನ್ನೊಂಚೂರು ಎಳಿ. ಸುಕ್ಕು ಬಿಟ್ರೆ ಇವಳು ಎದ್ದು ಬಂದು ಬೈತಾಳೆ,” ಎಂದಳು ಗುಂಡಕ್ಕ.

ಮಂಚದ ಆಚೆ ಬದಿಯಲ್ಲಿದ್ದವಳು ಬಿಳಿ ಬಟ್ಟೆಯ ತುದಿ ಎಳೆದು ಮೂಲೆ ಮಡಚಿದಳು. ಇಬ್ಬರೂ ಆಸ್ಪತ್ರೆಯ ಲಾಂಡ್ರಿಯವರು. ಇಪ್ಪತ್ತೆರಡು ವರ್ಷ ತಮ್ಮ ಜೊತೆ ಕೊಳೆ ಬಟ್ಟೆ ವಿಂಗಡಿಸಿದವಳಿಗೆ ಈಗ ಬಟ್ಟೆ ಹೊದಿಸುವಾಗಲೂ ಅವರ ಕೈ ತಾನಾಗಿಯೇ ಕೆಲಸದ ವೇಗಕ್ಕೆ ಹೋಗುತ್ತಿತ್ತು. ನೆನಪಾದಾಗ ನಿಧಾನವಾಗುತ್ತಿತ್ತು.

ಮಗಳು ಗೋಡೆಗೆ ಒರಗಿ ನಿಂತಿದ್ದಳು. ತಾಯಿ ತೀರಿಕೊಂಡ ಸುದ್ದಿ ತಿಳಿದ ಕೂಡಲೇ ಹೊರಟು ಬಂದಿದ್ದಳು, ಸೈನ್ಯದ ಸಮವಸ್ತ್ರ ಬದಲಿಸಲೂ ಹೊತ್ತಿರಲಿಲ್ಲ. ಒಳಗೆ ಬಂದವರೆಲ್ಲ ಮೊದಲು ಅವಳ ಹೆಗಲ ಮೇಲಿನ ನಕ್ಷತ್ರಗಳನ್ನು ನೋಡಿ, ಆಮೇಲೆ ಮಂಚದ ಕಡೆ ತಿರುಗುತ್ತಿದ್ದರು.

“ಕೂತ್ಕೊ ಬಾ, ಪುಟ್ಟ,” ಎಂದು ಗುಂಡಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡಳು. “ನಿಮ್ಮಮ್ಮನ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ರೇಡಿಯೋ ಅಕ್ಕ ಅಂದ್ರೇನೇ ಗೊತ್ತು. ಯಾವ ದೇಶದಲ್ಲಿ ಯಾರು ಬಿದ್ರು, ಯಾರು ಎದ್ರು, ಎಲ್ಲಾ ಅವಳ ಬಾಯಿಂದಾನೇ ನಾವು ಕೇಳಿದ್ದು.”

ಮಗಳು ತಲೆಯಾಡಿಸಿದಳು.

\*

ವಾರ್ಡಿನಿಂದ ಬರುವ ಹೊದಿಕೆಗಳ ಗಂಟು ಬಿಚ್ಚಿದರೆ ಒಳಗೆ ಏನೇನೋ ಸಿಗುತ್ತಿತ್ತು: ಚಮಚ, ಕನ್ನಡಕ, ಒಮ್ಮೆ ಹಲ್ಲಿನ ಸೆಟ್ಟು. ದಿನಪತ್ರಿಕೆಯಂತೂ ದಿನಾ ಸಿಗುತ್ತಿತ್ತು. ಮಗಳು ಸೇನಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದ ದಿನದಿಂದ ತಾಯಿ ಆ ಪತ್ರಿಕೆಗಳನ್ನು ಎತ್ತಿಡತೊಡಗಿದಳು. ಗಣಿತ, ಇಂಗ್ಲಿಷ್ ಅವಳ ಕೈಗೆ ಮೀರಿದ್ದು. “ಪ್ರಚಲಿತ ವಿದ್ಯಮಾನ” ಅಂದರೆ ಪೇಪರು ಓದುವುದು ಎಂದು ಗೊತ್ತಾದಾಗ, ಅಷ್ಟು ನನ್ನ ಕೈಲಾಗುತ್ತದೆ ಎಂದಳು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಕ್ಷರ ಕೂಡಿಸಿಕೊಂಡು, ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಸುತ್ತ ಕೂತವರು ಪರೀಕ್ಷೆಗೆ ಯಾವುದು ಬರುತ್ತದೆಂದು ತೀರ್ಪು ಕೊಡುತ್ತಿದ್ದರು. “ಮಂತ್ರಿ ರಾಜೀನಾಮೆ ಬಿಡು, ದಿನಾ ಯಾರಾದ್ರೂ ಕೊಡ್ತಾರೆ. ಆ ಹೊಸ ಹಡಗಿನ ಹೆಸರು ಬರ್ಕೊ,” ಎನ್ನುತ್ತಿದ್ದಳು ಗುಂಡಕ್ಕ. ಬಟ್ಟೆ ಎಣಿಕೆಯ ಹಳೇ ಚೀಟಿಗಳ ಹಿಂಬದಿಯಲ್ಲಿ ತಾಯಿ ಬರೆದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ ಪ್ರಶ್ನೆ ಶುರು.

“ಗಡಿ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಯಾವ ಊರಲ್ಲಿ?”

ಮಗಳು ಹೇಳುತ್ತಿದ್ದಳು.

“ನೀನು ಹೇಳಿದ್ದು ಬೇರೆ ಥರ ಕೇಳಿಸ್ತಲ್ಲೇ. ಇಲ್ಲಿ ಬೇರೆ ಇದೆ.”

“ನೀನು ತಪ್ಪು ಓದ್ತಿದೀಯ, ಅಮ್ಮ. ಯಾರ ಮುಂದೇನೂ ಆ ಹೆಸರು ಹೇಳ್ಬೇಡ, ನಗ್ತಾರೆ.”

ತಾಯಿ ಚೀಟಿಯಲ್ಲಿ ತಿದ್ದಿಕೊಂಡು, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ಸರಿ ಉತ್ತರಕ್ಕೆ ಜಡೆ ಹಗುರ, ತಪ್ಪಿದರೆ ಸ್ವಲ್ಪ ಬಿಗಿ. ಹೀಗೆ ಎರಡು ವರ್ಷ ನಡೆಯಿತು. ಪರೀಕ್ಷೆಯಲ್ಲಿ ಆ ಚೀಟಿಗಳ ಒಂಬತ್ತು ಪ್ರಶ್ನೆ ಬಂದಿದ್ದವು. ಮಗಳು ಆಯ್ಕೆಯಾದದ್ದು ನಾಲ್ಕೇ ಅಂಕದ ಅಂತರದಿಂದ.

\*

“ಆದ್ರೂ ಪುಟ್ಟ, ನೀನು ದೊಡ್ಡ ಮನಸ್ಸಿನವಳು,” ಎಂದಳು ಗುಂಡಕ್ಕ. “ಮೇಲೆ ಹೋದೋರು ಕೆಳಗಿದ್ದೋರನ್ನ ನೆನೆಯಲ್ಲ. ನೀನು ಪೇಪರಲ್ಲೇ ಹೇಳ್ಬಿಟ್ಟೆ.”

ಮಗಳು ತಟ್ಟನೆ ಅವಳ ಕಡೆ ತಿರುಗಿದಳು. “ಏನು ಹೇಳಿದ್ದೆ?”

“ಮರೆತುಬಿಟ್ಯಾ? ನಮಗೆ ಬಾಯಿಪಾಠ. ‘ನಮ್ಮಮ್ಮ ಆಸ್ಪತ್ರೆ ಲಾಂಡ್ರೀಲಿ ಬಟ್ಟೆ ವಿಂಗಡಿಸ್ತಾಳೆ. ನನಗೆ ಲೋಕ ತೋರಿಸಿದ್ದು ಅವಳು. ಅವಳ ಜೊತೆ ಕೆಲಸ ಮಾಡೋರೆಲ್ಲ ನನ್ನ ಮೇಷ್ಟ್ರುಗಳು.’ ಮೇಷ್ಟ್ರುಗಳು ಅಂತ ಓದಿದಾಗ ಇವಳು ಅತ್ತೇಬಿಟ್ಲು ನೋಡು,” ಎಂದು ಗುಂಡಕ್ಕ ಪಕ್ಕದವಳನ್ನು ತೋರಿಸಿದಳು. “ನಿಮ್ಮಮ್ಮ ಎರಡು ಸಲ ಓದಿದ್ಲು. ನಾವೇ ಓದಿಸಿದ್ವಿ.”

ಮಗಳು ಎದ್ದು ಹೊರಗೆ ಹೋದಳು.

\*

ಆಯ್ಕೆ ಪಟ್ಟಿ ಬಂದ ವಾರ ವರದಿಗಾರನೊಬ್ಬ ಅಕಾಡೆಮಿಯ ಗೇಟಿನ ಬಳಿ ಐದು ಹುಡುಗಿಯರನ್ನು ನಿಲ್ಲಿಸಿ ಮಾತಾಡಿಸಿದ್ದ. ಮಗಳಿಗಿಂತ ಮೊದಲು ಮಾತಾಡಿದವಳ ತಂದೆ ಕರ್ನಲ್. ಅದಕ್ಕೂ ಮೊದಲಿನವಳ ತಾಯಿ ಪ್ರೊಫೆಸರ್. “ನಿಮ್ಮ ತಾಯಿ?” ಎಂದು ಅವನು ಕೇಳಿದಾಗ “ಆಸ್ಪತ್ರೆಯಲ್ಲಿ” ಎಂದಳು. “ನರ್ಸಾ?” ಎಂದ. ಅವಳು ಹೂಂ ಅಂದಳು. ಪ್ರಚಲಿತ ವಿದ್ಯಮಾನಕ್ಕೆ ಹೇಗೆ ತಯಾರಾದಿರಿ ಎಂದಾಗ, ಪಕ್ಕದವಳು ಹೇಳಿದ್ದ ಮಾಸಪತ್ರಿಕೆಗಳನ್ನೇ ತಾನೂ ಹೇಳಿದಳು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

ಅಚ್ಚಾದ ದಿನ ಸಂಜೆ ತಾಯಿಯ ಫೋನ್ ಬಂತು.

“ನೋಡಿದೆ ಕಣೇ. ಫೋಟೋ ಚೆನ್ನಾಗಿ ಬಂದಿದೆ.”

“ಓದಿದ್ಯಾ?”

“ಓದಿದೆ. ಊಟ ಆಯ್ತಾ ನಿಂದು?”

ಮಗಳಿಗೆ ಎದೆಯ ಮೇಲಿನ ಭಾರ ಇಳಿದಂತಾಗಿತ್ತು. ಆಮೇಲೆ ಮೂರು ವರ್ಷ ತಾಯಿ ಫೋನಿನಲ್ಲಿ ಒಂದೇ ಒಂದು ಸುದ್ದಿಯ ಪ್ರಶ್ನೆಯನ್ನೂ ಕೇಳಲಿಲ್ಲ. ಪರೀಕ್ಷೆ ಮುಗಿಯಿತಲ್ಲ, ಅದಕ್ಕೇ ಇರಬೇಕು ಎಂದು ಮಗಳು ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

\*

ಹೊರಗೆ ಮೆಟ್ಟಿಲ ಹತ್ತಿರ ಲಾಂಡ್ರಿಯ ಮೇಲ್ವಿಚಾರಕ ಶವ ಒಯ್ಯುವ ವ್ಯಾನಿಗಾಗಿ ಕಾಯುತ್ತಿದ್ದ. ನಿವೃತ್ತಿಗೆ ಹತ್ತಿರವಾದ ಮನುಷ್ಯ.

“ಸಾರ್, ಅವತ್ತು ಅಮ್ಮ ಪೇಪರ್ ಓದಿದಾಗ ನೀವಿದ್ರಾ?”

ಅವನು ಅವಳ ಮುಖ ನೋಡಲಿಲ್ಲ. “ಇದ್ದೆ. ನಾನೂ ಮನೇಲಿ ಅದೇ ಪೇಪರ್ ತರಿಸೋದಮ್ಮ. ಬೆಳಿಗ್ಗೇನೇ ಓದ್ಕೊಂಡು ಬಂದಿದ್ದೆ.”

“ಮತ್ತೆ?”

“ಎಲ್ಲರೂ ಓದು ಓದು ಅಂತ ಕೂತ್ಬಿಟ್ಟಿದ್ರು. ನಿಮ್ಮ ತಾಯಿ ಸ್ವಲ್ಪ ಹೊತ್ತು ಪೇಪರನ್ನೇ ನೋಡ್ತಿದ್ರು. ಆಮೇಲೆ ಶುರು ಮಾಡಿದ್ರು. ಯಾವಾಗ್ಲೂ ತಡವರಿಸಿ ಓದೋರು, ಅವತ್ತು ಒಂದು ಕಡೇನೂ ತಡವರಿಸಲಿಲ್ಲ. ಮಧ್ಯೆ ಒಂದ್ಸಲ ತಲೆ ಎತ್ತಿ ನನ್ನ ನೋಡಿದ್ರು. ಹತ್ತು ನಿಮಿಷ ಬಿಡುವು ಜಾಸ್ತಿ ತಗೊಳ್ಳಿ ಅಂದು ನಾನು ಒಳಗೆ ಹೋದೆ.” ವ್ಯಾನು ತಿರುವಿನಲ್ಲಿ ಕಾಣಿಸಿತು. ಅವನು ಕೈ ಬೀಸಿ ಅದನ್ನು ಕರೆದ. “ಯಾರಿಗೂ ಹೇಳಿಲ್ಲಮ್ಮ. ನೀವೂ ಹೇಳ್ಬೇಕಾಗಿಲ್ಲ.”

\*

ಸ್ಮಶಾನದಲ್ಲಿ ಮೂವತ್ತು ಜನರಿದ್ದರು, ಹೆಚ್ಚಿನವರು ಲಾಂಡ್ರಿಯವರೇ. ದೇಹವನ್ನು ಗುಂಡಿಗೆ ಇಳಿಸಿದ ಮೇಲೆ ಎಲ್ಲರೂ ಮಗಳ ಕಡೆ ನೋಡಿದರು.

“ಎರಡು ಮಾತಾಡು,” ಎಂದಳು ಗುಂಡಕ್ಕ. “ಪೇಪರಲ್ಲಿ ಹೇಳಿದ್ದನ್ನೇ ಹೇಳು, ಸಾಕು.”

ಮೇಲ್ವಿಚಾರಕ ನೆಲ ನೋಡುತ್ತಿದ್ದ.

“ಪೇಪರಲ್ಲಿ ಹಾಗಿರ್ಲಿಲ್ಲ,” ಎಂದಳು ಮಗಳು. “ನಾನು ಅಮ್ಮನ್ನ ನರ್ಸು ಅಂದೆ. ನಿಮ್ಮ ಯಾರ ಸುದ್ದೀನೂ ಎತ್ತಲಿಲ್ಲ. ನೀವು ಕೇಳಿದ್ದು ಅಮ್ಮಾನೇ ಕಟ್ಟಿ ಓದಿದ್ದು.”

ಅವತ್ತು ಲಾಂಡ್ರಿಯಲ್ಲಿ ‘ಮೇಷ್ಟ್ರುಗಳು’ ಕೇಳಿ ಅತ್ತಿದ್ದವಳು ಸೆರಗನ್ನು ಬಾಯಿಗೆ ಒತ್ತಿ ಹಿಂದೆ ಸರಿದಳು. ಗುಂಡಕ್ಕ ಮಗಳ ಸಮವಸ್ತ್ರವನ್ನು ಮೇಲಿನಿಂದ ಕೆಳಗೆ ನೋಡಿದಳು, ಕಲೆ ಉಳಿದಿರುವ ಬಟ್ಟೆಯನ್ನು ನೋಡುವ ಹಾಗೆ. ಬಹಳ ಹೊತ್ತು ನೋಡಿದಳು.

“ಸರಿ,” ಎಂದಳು. “ಈಗ ಹೇಳು. ನಾನು ಹೇಳ್ಕೊಡ್ತೀನಿ. ‘ನಮ್ಮಮ್ಮ ಆಸ್ಪತ್ರೆ ಲಾಂಡ್ರೀಲಿ...’”

“ನಮ್ಮಮ್ಮ ಆಸ್ಪತ್ರೆ ಲಾಂಡ್ರೀಲಿ,” ಎಂದಳು ಮಗಳು, “ಬಟ್ಟೆ ವಿಂಗಡಿಸ್ತಿದ್ಲು.”

“ವಿಂಗಡಿಸ್ತಾಳೆ. ಅವಳು ಓದಿದ್ದು ಹಾಗೆ. ಮೊದಲಿಂದ ಹೇಳು. ಗಟ್ಟಿಯಾಗಿ.”

ಗುದ್ದಲಿ ಎತ್ತಿದ್ದವನು ಅದನ್ನು ಮೆಲ್ಲಗೆ ಕೆಳಗಿಟ್ಟ. ಮಗಳು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಎರಡೂ ಕಾಲು ಜೋಡಿಸಿ ನಿಂತು, ಮೊದಲಿಂದ ಶುರು ಮಾಡಿದಳು.