ಚಕ್ರ ನೋಡಲು ಬರುತ್ತಿದ್ದವನು

ಮುಜಾಫರ್ ಚಪ್ಪಲಿ ಬಿಡುವಷ್ಟರಲ್ಲಿ ಯೋಗೀಶ ಅಂಗಳದಲ್ಲಿದ್ದ ಕಾರಿನ ಬಾನೆಟ್ ಎತ್ತಿ ಹಿಡಿದಿದ್ದ.

"ಇಂಜಿನ್ ನೋಡ್ಕಳಿ ಸಾಬ್ರೆ. ಹಳೇದಾದ್ರೂ ಹೊಗೆ ಇಲ್ಲ. ರೇಟು ಮಣ್ಣಾದ್ಮೇಲೆ ಮಾತಾಡನ."

ಜಗಲಿಯ ಮೇಲೆ ಕಾರಿನ ಒಡೆಯ, ಯೋಗೀಶನ ಚಿಕ್ಕಪ್ಪ ಪರಮಶಿವಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬಾಯಿ ತೆರೆಯದಿರಲೆಂದು ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಯಾರೂ ಅಳುತ್ತಿರಲಿಲ್ಲ. ಹಾಲ್ಕುರಿಕೆ ಊರಿನ ಗಂಡಸರು ಶಾಮಿಯಾನದ ಕೆಳಗೆ ಕೂತು ಹಲ್ಲುಕಡ್ಡಿ ಜಗಿಯುತ್ತಿದ್ದರು.

"ನಾನು ಕಾರ್ ನೋಡಕ್ ಬರ್ಲಿಲ್ಲ," ಎಂದ ಮುಜಾಫರ್.

"ತಿಪಟೂರ್ ಹಳೇ ಚಕ್ರದಂಗ್ಡಿ ನಿಮ್ದೇ ಅಲ್ವಾ?"

"ಹೌದು. ಅಣ್ಣ ಪರಿಚಯ. ಒಂದಿಡಿ ಮಣ್ಣು ಹಾಕಿ ಹೋಗನ ಅಂತ ಬಂದೆ."

ಯೋಗೀಶ ಬಾನೆಟ್ಟನ್ನು ಧಪ್ಪೆಂದು ಬಿಟ್ಟ. "ನಮ್ಮನ್ ಬುಟ್ರೆ ಚಿಕ್ಕಪ್ಪಂಗೆ ಯಾರ್ ಪರಿಚಯ ಇದ್ರು ಬುಡ್ರೀ."

ಪಕ್ಕದ ಮನೆಯ ಗಂಗಯ್ಯ ಕುರ್ಚಿಯಿಂದಲೇ ಬಾಯಿ ಹಾಕಿದ. "ಲಗ್ನ ಆಗ್ದೋನು ಕಾರಿಗೆ ಅಲಾಯ್ ಚಕ್ರ ಹಾಕುಸ್ತೀನಿ ಅಂತಿದ್ದ ಕಣ್ಲಾ. ಪಕ್ಕದ್ ಸೀಟಲ್ಲಿ ಯಾರ್ನ ಕೂರುಸ್ಕಳನೋ."

ಒಂದಿಬ್ಬರು ಮುಖ ತಗ್ಗಿಸಿ ನಕ್ಕರು. ಮುಜಾಫರ್ ಕೊನೆಯ ಕುರ್ಚಿಯಲ್ಲಿ ಕೂತ. ಇವರು ತನ್ನ ಕೈಯಿಂದ ಮಣ್ಣು ಹಾಕಿಸಿಕೊಳ್ಳುತ್ತಾರೋ ಇಲ್ಲವೋ ಅವನಿಗೆ ತಿಳಿಯದು.

*

ಬದುಕಿದ್ದಾಗ ಪರಮಶಿವಯ್ಯ ಕೊಬ್ಬರಿ ವ್ಯಾಪಾರದ ಮಂಡಿಯೊಂದರಲ್ಲಿ ಕಾಯಿ ಒಡೆಯುತ್ತಿದ್ದ. ಅಟ್ಟದಲ್ಲಿ ವರ್ಷ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ, ಒಳಗಿನ ನೀರು ಇಂಗಿದೆಯೇ ಎಂದು ನೋಡುವುದು ಕಸುಬು. ಮುಜಾಫರನ ಅಂಗಡಿಗೆ ಮೊದಲ ಸಲ ಬಂದಾಗ ಅಲಾಯ್ ಚಕ್ರಗಳನ್ನೂ ಅವನು ಹಾಗೆಯೇ ಕುಟ್ಟಿದ. ಗೋಡೆಗೆ ಒರಗಿಸಿದ್ದ ಚಕ್ರಗಳಿಗೆಲ್ಲ ಟೈರ್ ಇತ್ತು.

"ಇನ್ನೂ ಹಸಿ ಕಣಪ್ಪ ಇವು. ಸದ್ದು ಮಂಕು."

"ಟೈರ್ ಐತಲ್ಲಣ್ಣ, ಅದಕ್ಕೆ. ಬಿಚ್ಚಿ ಕುಟ್ಟಿದ್ರೆ ಗಂಟೆ ಹೊಡ್ದಂಗೆ ಕೇಳ್ತದೆ."

"ಮುಂದಿನ್ ಸಂತೆಗೆ ಬತ್ತೀನಿ ತಡಿ."

ಬಂದ. ಆಮೇಲೂ ಬಂದ. ಐದು ಕಡ್ಡಿಯ ಚಕ್ರ ಬೋಳು ಅಂದ. ಹತ್ತು ಕಡ್ಡಿಯದರಲ್ಲಿ ಕೆಸರು ಕೂರುತ್ತದೆ ಅಂದ. ಕಪ್ಪು ಬಣ್ಣದ್ದು ಹಿಡಿಸಿತು, ಕುಟ್ಟಿ ನೋಡಿ ಅದನ್ನೂ ಬಿಟ್ಟ. ಒಂದು ಸಂತೆಯ ದಿನ ಮುಜಾಫರ್ ತಡೆಯಲಾರದೆ ಸಲಾಕೆ ತಂದು ಕಪ್ಪು ಚಕ್ರದ ಟೈರು ಬಿಚ್ಚಲು ಅಂಚಿಗೆ ತೂರಿಸಿದ. ಪರಮಶಿವಯ್ಯ ಅವನ ಕೈ ಹಿಡಿದುಕೊಂಡ.

"ಬಿಚ್ಬ್ಯಾಡ ಬುಡು. ಸದ್ದು ಚೆನ್ನಾಗ್ ಬಂದ್ರೆ ತಗಬೇಕಾಯ್ತದೆ."

ಮುಜಾಫರ್ ಸಲಾಕೆ ಕೆಳಗಿಟ್ಟು ಟೀ ಹೇಳಿದ. ಹೆಂಡತಿ ಕಮರ್ ಜಹಾನ್ ತೀರಿಹೋದ ಮೇಲೆ ಅವನಿಗೂ ಅಂಗಡಿ ಮುಚ್ಚುವ ಅವಸರವಿರಲಿಲ್ಲ. ಇಬ್ಬರೂ ಚಕ್ರಗಳನ್ನು ನೋಡುತ್ತ ಕೂತರು.

*

ತೋಟದಲ್ಲಿ ಎರಡು ತೆಂಗಿನ ಸಾಲುಗಳ ನಡುವೆ ಗುಣಿ ತೋಡಿದ್ದರು. ಹೆಣವನ್ನು ಒಳಗೆ ಕೂರಿಸಿಯಾಯಿತು. ಬಂಧುಗಳು ಒಬ್ಬೊಬ್ಬರಾಗಿ ಮಣ್ಣು ಹಾಕಿ ಹಿಂದೆ ಸರಿದರು.

"ಸ್ನೇಹಿತ್ರು ಯಾರಾರ ಇದ್ರೆ ಬನ್ನಿ," ಎಂದರು ಶಾಸ್ತ್ರ ಮಾಡಿಸುತ್ತಿದ್ದ ಐನೋರು ಮರುಳಸಿದ್ದಯ್ಯ.

ಯಾರೂ ಅಲುಗಲಿಲ್ಲ.

"ಹಂಗ್ಯಾರೂ ಇಲ್ಲ ಐನೋರೆ, ಮುಚ್ಚುಸ್ಬುಡಿ," ಎಂದ ಯೋಗೀಶ.

ಮುಜಾಫರ್ ಮರದ ಮರೆಯಿಂದ ಮುಂದೆ ಬಂದ. ಯೋಗೀಶ ಅಡ್ಡ ನಿಂತ. "ಸಾಬ್ರೆ, ಕಾರಿನ್ ವಿಚಾರ ಆಮೇಲೆ ಅಂದ್ನಲ್ಲ."

"ದಾರಿ ಬುಡ್ಲಾ," ಎಂದಳು ಅವನ ತಾಯಿ ಭೈರಮ್ಮ. ಪರಮಶಿವಯ್ಯನಿಗೆ ಅನ್ನ ಇಕ್ಕುತ್ತಿದ್ದ ಅತ್ತಿಗೆ ಅವಳು. ಮುಜಾಫರನನ್ನು ಮೇಲಿಂದ ಕೆಳಗೆ ನೋಡಿದಳು. "ಚಕ್ರದ್ ಸಾಬಣ್ಣ ನೀನೇಯಾ? ಹಬ್ಬಕ್ಕೂ ಗಡ್ಡ ಕೆರ್‍ಕತ್ತಿರ್ಲಿಲ್ಲ ನನ್ ಮೈದ್ನ. ಸಂತೆ ದಿನ ಕೆರ್‍ಕಂಡು, ಒಗ್ದಿದ್ ಅಂಗಿ ಹಾಕ್ಕಂಡು ಹೋಗನು. ಎಲ್ಗೆ ಅಂದ್ರೆ ಚಕ್ರ ನೋಡಕ್ಕೆ ಅನ್ನನು."

ಮುಜಾಫರ್ ಬಗ್ಗಿ ಮಣ್ಣು ಹಾಕಿದ. ಉಳಿದವರು ಒಂದೇ ಹಿಡಿ ಹಾಕಿದ್ದರು. ಅವನು ತಮ್ಮವರಲ್ಲಿ ಹಾಕುವಂತೆ ಮೂರು ಹಿಡಿ ಹಾಕಿದ. ಯಾರೂ ತಡೆಯಲಿಲ್ಲ.

ಎಲ್ಲರೂ ಕೈಕಾಲು ತೊಳೆಯಲು ಬೋರ್‌ವೆಲ್ ಪೈಪಿನ ಮುಂದೆ ನಿಂತರು. ಅವನು ಕೊನೆಯವನು. ಅವನ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಪೈಪಿನ ಬಾಯಿಂದ ಎರಡು ಹನಿ ತೊಟ್ಟಿಕ್ಕಿ ನೀರು ನಿಂತಿತು. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಸ್ಕೂಟರ್ ಹತ್ತಿ ಮಣ್ಣುಗೈಯಲ್ಲೇ ಹ್ಯಾಂಡಲ್ ಹಿಡಿದ. ತಿಪಟೂರು ಮುಟ್ಟುವ ಹೊತ್ತಿಗೆ ಕೈಗೆ ಮೆತ್ತಿದ ಮಣ್ಣು ಒಣಗಿ, ಬೆರಳು ಮಡಚಿದಲ್ಲೆಲ್ಲ ಬಿರುಕು ಬಿಟ್ಟಿತ್ತು.