ಮೇಷ್ಟ್ರ ಬಾಯಿಕುಕ್ಕೆ

ನಾನು ಉಸಿರಿಗೆ ಅಡ್ಡ ನಿಲ್ಲುವ ಒಂದು ಕಪ್ಪು ರಬ್ಬರಿನ ಮುಖವಾಡ. ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದ ಕೂಡಲೇ ನನ್ನ ಎರಡು ಕೆನ್ನೆಗೂ ತಿರುಗಿಸುವ ಬಿಲ್ಲೆ ಕೂರಿಸಿದರು. ತಿರುಗಿಸಿದಷ್ಟೂ ಗಾಳಿಯ ದಾರಿ ಕಿರಿದಾಗುತ್ತದೆ. ನನಗೆ ಬರುವ ವಿದ್ಯೆ ಅದೊಂದೇ.

ತುಮಕೂರಿನ ಜಿಮ್ ಸಾಮಾನಿನ ಅಂಗಡಿಯಲ್ಲಿ ನನ್ನನ್ನು ಕೊಂಡವರು ಅಡವೀಶಯ್ಯ ಮೇಷ್ಟ್ರು. ವಯಸ್ಸು ಅರವತ್ತಾರು.

"ಹಾಕ್ಕಂಡು ಬೆಟ್ಟ ಹತ್ತಿ ಸಾರ್, ಹಿಮಾಲಯದಲ್ಲಿ ಓಡಾಡ್ದಂಗೆ. ಉಸಿರು ಎರಡರಷ್ಟಾಗುತ್ತೆ," ಎಂದ ಅಂಗಡಿಯವನು.

ಮೇಷ್ಟ್ರಿಗೆ ಬೇಕಿದ್ದದ್ದೂ ಉಸಿರೇ. ಪ್ರತಿ ಶ್ರಾವಣದಲ್ಲೂ ಅವರು ಊರ ಮಠದಲ್ಲಿ ಕಾವ್ಯ ಓದುತ್ತಿದ್ದರು, ಷಟ್ಪದಿಯ ಆರೂ ಸಾಲು ಒಂದೇ ಉಸಿರಿನಲ್ಲಿ. ಹೋದ ವರ್ಷ ಐದನೆಯ ಸಾಲಿಗೇ ಉಸಿರು ಕೈಕೊಟ್ಟಿತ್ತು. ಈ ಸಲವೂ ಹಾಗಾದರೆ ಓದುವುದನ್ನೇ ಬಿಡುವೆನೆಂದು ಗೊಣಗಿಕೊಂಡದ್ದನ್ನು ನಾನು ಕೇಳಿದ್ದೇನೆ.

"ಇದೇನ್ರೀ, ಒಕ್ಕೋ ಎತ್ತಿಗೆ ಬಾಯಿಕುಕ್ಕೆ ಹಾಕ್ದಂಗೆ!" ಎಂದು ಹೆಂಡತಿ ಸರ್ವಮಂಗಳಮ್ಮ ನಕ್ಕರು. ಮೇಷ್ಟ್ರು ನಗಲಿಲ್ಲ.

ದಿನಾ ಬೆಳಿಗ್ಗೆ ನನ್ನನ್ನು ಕಟ್ಟಿಕೊಂಡು ಊರ ಗುಡ್ಡದ ಮೆಟ್ಟಿಲು ಹತ್ತುತ್ತ ನನ್ನೊಳಗೇ ಪದ್ಯ ಹೇಳುತ್ತಿದ್ದರು. ಅಷ್ಟು ಹತ್ತಿರದಿಂದ ಅವನ್ನು ಕೇಳಿದವರು ಬೇರೆ ಯಾರೂ ಇರಲಾರರು. ಬಿಟ್ಟ ಉಸಿರಿನಲ್ಲೇ ಕೊಂಚ ಮತ್ತೆ ಒಳಗೆ ಹೋಗುತ್ತಿತ್ತು. ಪಕ್ಕೆ ಸೋಲುತ್ತಿತ್ತು, ತಲೆ ಭಾರವಾಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ನನ್ನನ್ನು ಕಳಚಿದಾಗ ಗಾಳಿ ನುಗ್ಗಿ ಬರುತ್ತಿತ್ತು. ಆ ಹಗುರವನ್ನೇ ಮೇಷ್ಟ್ರು ಬಲವೆಂದು ತಿಳಿದರು. ವಾರವಾರವೂ ಬಿಲ್ಲೆಯನ್ನು ಇನ್ನಷ್ಟು ಬಿಗಿ ಮಾಡಿದರು. ಬೇಡವೆನ್ನಲು ನನಗೆ ಬಾಯಿಲ್ಲ.

ಓದುವ ದಿನದ ಬೆಳಿಗ್ಗೆಯೂ ಗುಡ್ಡ ಹತ್ತಿದರು. ಸಂಜೆ ನಾನು ವ್ಯಾಸಪೀಠದ ಪಕ್ಕ, ಅವರ ಕೈಚೀಲದಲ್ಲಿದ್ದೆ. ನಾಲ್ಕನೆಯ ಸಾಲಿನ ನಡುವೆಯೇ ದನಿ ತುಂಡಾಯಿತು. ಮುಂದೆ ಕೂತಿದ್ದ ಕಣ್ಣು ಕಾಣದ ಹೊನ್ನಮ್ಮಜ್ಜಿ ಉಳಿದ ಸಾಲುಗಳನ್ನು ತಾನೇ ಹೇಳಿ ಮುಗಿಸಿದಳು.

"ಮುಂದುಕ್ ಓದಪ್ಪ ಅಡವೀಶಾ, ನಿಂತಲ್ಲಿ ನಾವು ಹೇಳ್ಕೊಡ್ತೀವಿ."

ಅಜ್ಜಿ ಅಂದದ್ದು ಪ್ರೀತಿಯಿಂದಲೇ. ಮೇಷ್ಟ್ರು ಪುಸ್ತಕ ಮುಚ್ಚಿದರು.

ಈಗ ನಾನು ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದೇನೆ. ಒಮ್ಮೆ ಸರ್ವಮಂಗಳಮ್ಮ ಮೆಣಸಿನಕಾಯಿ ಹುರಿಯಲು ನನ್ನನ್ನು ಕಟ್ಟಿಕೊಂಡು, ಕೆಮ್ಮಿ ಕೆಮ್ಮಿ ಕಿತ್ತೆಸೆದರು. "ಘಾಟೂ ತಡೆಯಲ್ಲ, ಗಾಳೀನೂ ಬಿಡಲ್ಲ. ಎಂಥ ಮೂದೇವಿನೋ!" ಆಮೇಲೆ ಯಾರೂ ಮುಟ್ಟಿಲ್ಲ. ರಬ್ಬರು ಬಿರಿಯುತ್ತಿದೆ.

ಪಡಸಾಲೆಯಲ್ಲಿ ಮೇಷ್ಟ್ರು ಪುಸ್ತಕ ತೆರೆದು ತುಟಿಯಷ್ಟೇ ಆಡಿಸುತ್ತಾರೆ. ದನಿಯಿಲ್ಲ. ಆ ಪದ್ಯಗಳೆಲ್ಲ ನನಗೆ ಬಾಯಿಪಾಠ. ಹೇಳೋಣವೆಂದರೆ ನನಗೆ ಸ್ವಂತದ ಉಸಿರಿಲ್ಲ.