ಸೀಸೆಯ ತಳದ ಮದ್ದು

ನಾಟಿಂಗ್‌ಹ್ಯಾಮಿನ ನಮ್ಮ ಓಣಿಯಲ್ಲಿ ಮಕ್ಕಳು ಅಳುತ್ತಿರಲಿಲ್ಲ. ವಿಕ್ಟೋರಿಯಾ ರಾಣಿಯವರು ಪಟ್ಟದಲ್ಲಿದ್ದ ಕಾಲ ಅದು. ದೊಡ್ಡವರ ಮದುವೆಗೆಲ್ಲ ನಮ್ಮೂರ ಲೇಸು ಎಂಬ ಜಾಲರಿ ಬಟ್ಟೆಯೇ ಬೇಕು. ಆ ಲೇಸಿನ ಎಳೆ ಬಿಡಿಸುವ ಹೆಂಗಸರು ನಾವು. ಬೆಳಗಾದರೆ ಕಿಟಕಿಯ ಬಳಿ ಕೂತು, ಬೆಳಕು ಹೋಗುವವರೆಗೂ ಕತ್ತೆತ್ತುವಂತಿರಲಿಲ್ಲ. ಮಗು ಅತ್ತರೆ ಕೈ ನಿಲ್ಲುತ್ತಿತ್ತು, ಕೈ ನಿಂತರೆ ಅಂದಿನ ರೊಟ್ಟಿಗೆ ಸಂಚಕಾರ. ಆದ್ದರಿಂದ ಪ್ರತಿ ಮನೆಯಲ್ಲೂ ಒಲೆಯ ಮೇಲಿನ ಹಲಗೆಯ ಮೇಲೆ ಒಂದು ಸೀಸೆ, ಪಕ್ಕದ ಮೊಳೆಗೆ ಒಂದು ಚಮಚ. ಕಾಕಂಬಿಯಲ್ಲಿ ಅಫೀಮು ಕಲಸಿದ ಆ ನೀರಿಗೆ ನಾವು ತೊಟ್ಟಿಲ ಮದ್ದು ಅನ್ನುತ್ತಿದ್ದೆವು. ಹೆಸರು ಎಷ್ಟು ಮುದ್ದಾಗಿದೆ ನೋಡಿ!

ನನ್ನ ಕೆಳಗಿನ ಕೋಣೆಯಲ್ಲಿ ಟೇಮರ್ ಮತ್ತು ಅವಳ ಅತ್ತೆ ಕೆಜಾಯಾ ಇದ್ದರು. ಟೇಮರಳ ಗಂಡ ರೈಲುಹಾದಿ ಹಾಕುವ ಕೆಲಸಕ್ಕೆ ದೂರ ಹೋಗಿದ್ದ. ಅವಳ ಕೂಸು ಸೈಲಸ್‌ಗೆ ಆರು ತಿಂಗಳೂ ತುಂಬಿರಲಿಲ್ಲ. ಎದುರು ಕೋಣೆಯ ಹೊನೋರಾ ಐರ್ಲೆಂಡಿನ ವಿಧವೆ, ಕೂಲಿಗೆ ಮಕ್ಕಳನ್ನು ನೋಡಿಕೊಳ್ಳುವವಳು. ಮದ್ದು ಮಾತ್ರ ಕೊಡುವುದಿಲ್ಲ ಎಂದು ಹಟ ಹಿಡಿದವಳು. ಯಾರೋ ಶ್ರೀಮಂತರ ಮದುಮಗಳ ಮುಸುಕಿನ ಕೆಲಸ ಅವಸರದಲ್ಲಿ ಬಂದಾಗ ಟೇಮರ್ ಕೂಸನ್ನು ಹಗಲಲ್ಲಿ ಅವಳ ಬಳಿ ಬಿಡತೊಡಗಿದಳು. ಮೇಣದ ಬೊಂಬೆಯ ಹಾಗಿದ್ದ ಮಗು ಕೆಲವೇ ದಿನಗಳಲ್ಲಿ ಕಾಲು ಬಡಿಯಿತು, ಮೂಗು ಹಿಡಿದು ಎಳೆಯಿತು, ಅಳುವುದನ್ನೂ ಕಲಿಯಿತು. ಕೆಜಾಯಾಳ ಪಿತ್ತ ನೆತ್ತಿಗೇರಿತು.

"ಚಿನ್ನದಂಥ ಮಗೂನ ಹಾಳ್ಮಾಡ್ಬಿಟ್ಲು ಆ ಐರಿಷ್ ಮಾರಿ! ಈಗ ನೋಡು, ಕಾಗೆ ಥರ ಅರಚುತ್ತೆ."

"ನಗೋದೂ ಕಲ್ತಿದಾನಲ್ಲ ಅತ್ತೆ."

"ನಗು ಹೊಟ್ಟೆ ತುಂಬಿಸುತ್ತಾ? ನಿನ್ನ ಗಂಡ ಇದೇ ಮದ್ದು ಕುಡ್ಕೊಂಡು ಎತ್ತಿನ ಹಾಗೆ ಬೆಳೀಲಿಲ್ವಾ?"

"ಅವರ ಬೆನ್ನಿಗೆ ಹುಟ್ಟಿದ ಮೂರು ಮಕ್ಕಳು?"

"ಅವು ದೇವರಿಗೆ ಬೇಕಾಗಿದ್ವು," ಎಂದಳು ಕೆಜಾಯಾ.

ಸೋಮವಾರ ಹೊನೋರಾ ಬೆಳಿಗ್ಗೆಯೇ ಮಗುವಿಗೆ ಹಾಲು ಕುಡಿಸಿ ತಂದು ಅಜ್ಜಿಯ ಕೈಗೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದರ ತುಟಿ ನೀಲಿಗಟ್ಟಿತ್ತು. ಟೇಮರ್ ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. "ಹಾಲಲ್ಲಿ ವಿಷ ಹಾಕಿದ್ಲು ಆ ಪಾಪಿ!" ಎಂದು ಕೆಜಾಯಾ ಎದೆ ಬಡಿದುಕೊಂಡಳು. ಪರದೇಶದವಳೆಂದರೆ ನಮ್ಮವರಿಗೆ ಮೊದಲೇ ಕಣ್ಣುರಿ. ಸಂಜೆಯೊಳಗೆ ಹೊನೋರಾಳ ಕಿಟಕಿ ಒಡೆದಿತ್ತು, ಅವಳು ಲಾಕಪ್ಪಿನಲ್ಲಿದ್ದಳು. ಕೊಲೆ ಎಂದು ತೀರ್ಮಾನವಾದರೆ ನೇಣೇ.

ಮರುದಿನ ಪತ್ತೇದಾರಿ ಸಾರ್ಜೆಂಟ್ ಲಡ್ಲೋ ಬಂದರು. ನೆಗಡಿಯಿಂದ ಮೂಗು ಕೆಂಪಾಗಿತ್ತು, ಮಾತಿಗೊಂದು ಸೀನು. ಅಂಗಳದ ನಡುವೆ ನಿಂತು ಬಹಳ ಹೊತ್ತು ಸುಮ್ಮನೆ ಕಿವಿಗೊಟ್ಟರು.

"ಈ ಓಣೀಲಿ ಕೂಸುಗಳೇ ಇಲ್ವೇನಮ್ಮಾ?" ಎಂದು ನನ್ನನ್ನು ಕೇಳಿದರು.

"ಮನೆಗೊಂದಿವೆ ಸಾಹೇಬ್ರೇ. ಮಲಗಿವೆ."

"ಎಲ್ಲವೂ ಒಟ್ಟಿಗೇನಾ?"

ಆಗ ಹೊನೋರಾಳ ಕೋಣೆಯಿಂದ ಕಿವಿ ಹರಿಯುವಂಥ ಅಳು ಕೇಳಿತು. ಅವಳ ತಂಗಿ ಅಲ್ಲಿದ್ದ ಮಕ್ಕಳನ್ನು ಸಮಾಧಾನ ಮಾಡುತ್ತಿದ್ದಳು. ಸೋಮವಾರ ಅವೂ ಅದೇ ಪಾತ್ರೆಯ ಹಾಲು ಕುಡಿದಿದ್ದವು ಎಂದು ನಾನು ಹೇಳಿದೆ.

"ವಿಷ ಕುಡಿದ ಮಕ್ಕಳ ಗಂಟಲು ಪರವಾಗಿಲ್ಲ, ಚೆನ್ನಾಗೇ ಇದೆ," ಎಂದು ಲಡ್ಲೋ ನೇರ ಟೇಮರಳ ಕೋಣೆಗೆ ನಡೆದರು. ಹಲಗೆಯ ಮೇಲಿನ ಸೀಸೆ ತೆಗೆದು ಬೆಳಕಿಗೆ ಹಿಡಿದರು. ತಳದಲ್ಲಿ ಡಾಂಬರಿನಂಥ ಗಸಿ ಮಾತ್ರ ಉಳಿದಿತ್ತು. ನನ್ನ ಮನೆಯ ತುಂಬಿದ ಸೀಸೆಯನ್ನೂ ತರಿಸಿ ಪಕ್ಕದಲ್ಲಿಟ್ಟರು. ಅದರಲ್ಲೂ ಮೇಲೆಲ್ಲ ತಿಳಿ, ಕೆಳಗೆ ಕಪ್ಪು ಪದರ.

"ಅಫೀಮು ತಳಕ್ಕೆ ಇಳಿಯುತ್ತೆ ತಾಯಿ. ಮೇಲಿಂದು ಕೊಟ್ರೆ ಮಗು ಮಲಗುತ್ತೆ. ತಳದ್ದು ಕೊಟ್ರೆ ಏಳಲ್ಲ."

"ದಿನಾ ಕೊಡೋ ಅಷ್ಟೇ ಕೊಟ್ಟೆ!" ಎಂದು ಕೆಜಾಯಾ ಕೂಗಿಬಿಟ್ಟಳು. "ಒಂದೇ ಒಂದು ಚಮಚ!"

ಟೇಮರ್ ಥಟ್ಟನೆ ಅತ್ತೆಯತ್ತ ತಿರುಗಿದಳು. ಅತ್ತೆ ಅವಳ ಕೈ ಹಿಡಿದು ಬೇಡಿಕೊಂಡಳು: "ಮನೆ ಮಾನ ಕಣೇ. ಬಾಯಿ ಬಿಡಬೇಡ. ಆ ಐರಿಷಿನವಳು ನಮಗೇನಾಗಬೇಕು?"

"ತಿಳೀದೆ ಕೊಟ್ಟ ಅಜ್ಜಿಗೆ ನೇಣು ಹಾಕಲ್ಲ," ಎಂದರು ಲಡ್ಲೋ. "ತಾಯಿ ಸುಮ್ಮನಿದ್ರೆ ಹೊನೋರಾಗೆ ಹಾಕ್ತಾರೆ. ಸಾವಿನ ವಿಚಾರಣೇಲಿ ತೀರ್ಪು ಹೇಳೋ ಪಂಚರ ಮುಖಂಡ ಶಾರ್ಡ್ಲೋ. ಈ ಮದ್ದು ಮಾರೋನೇ ಅವನು. ನನ್ನ ಮಾತು ಅವನ ಕಿವಿಗೆ ಹೋಗಲ್ಲ."

ಸಾವಿನ ವಿಚಾರಣೆ ಎಂದಿನಂತೆ ಹೆಂಡದಂಗಡಿಯ ಮಹಡಿಯಲ್ಲಿ ನಡೆಯಿತು. ಕೂಸಿನ ಪುಟ್ಟ ಪೆಟ್ಟಿಗೆ ಒಂದು ಮೇಜಿನ ಮೇಲೆ, ಪಂಚರ ಬಿಯರ್ ಲೋಟಗಳು ಇನ್ನೊಂದರ ಮೇಲೆ. ನನಗೆ ಈಗಲೂ ಮೈ ಉರಿಯುತ್ತದೆ. ಲಡ್ಲೋ ತಮಗೆ ತಿಳಿದದ್ದನ್ನೆಲ್ಲ ಹೇಳಿದರು. ಶಾರ್ಡ್ಲೋ ಹೊಟ್ಟೆ ನೀವಿಕೊಂಡು ನಕ್ಕ.

"ನಮ್ಮಪ್ಪನ ಕಾಲದಿಂದ ಮಾರ್ತಾ ಇದೀವಿ ಸ್ವಾಮಿ. ಮೇಲಿಂದಾಗ್ಲಿ ತಳದ್ದಾಗ್ಲಿ, ತಾಯಿ ಹಾಲಿನಷ್ಟೇ ಸಾಧು. ಮಗೂನ ಕೊಂದದ್ದು ಆ ಐರಿಷಿನವಳು ಕುಡಿಸಿದ ಹಾಲು."

ಟೇಮರ್ ಎದ್ದಳು. ಸಾರ್ಜೆಂಟರ ಮುಂದಿದ್ದ ಸೀಸೆಯನ್ನು ಬಗ್ಗಿಸಿ, ಉಳಿದ ಗಸಿಯನ್ನು ಮನೆಯಿಂದ ತಂದಿದ್ದ ಚಮಚಕ್ಕೆ ಸುರಿದಳು. ಹನಿ ಚೆಲ್ಲದಂತೆ ತಂದು ಶಾರ್ಡ್ಲೋನ ಮುಂದಿಟ್ಟಳು.

"ನಮ್ಮನೇಲೇ ಕೊಟ್ಟದ್ದು ಯಜಮಾನ್ರೇ, ಇದೇ ಸೀಸೆಯದು. ನನ್ನ ಕೂಸು ಕುಡೀತು. ನೀವೂ ಕುಡೀರಿ."

"ಏನಮ್ಮಾ ಇದು ಹುಚ್ಚಾಟ... ನನಗೆ ಈಗಷ್ಟೇ ಊಟ ಆಗಿದೆ."

"ಅವನಿಗೂ ಹಾಲು ಆಗಿತ್ತು."

ವಿಚಾರಣಾಧಿಕಾರಿ ಕನ್ನಡಕ ಸರಿಪಡಿಸಿಕೊಂಡು, "ಶಾರ್ಡ್ಲೋ ಅವರೇ, ಸಾಧು ಅಂದಿರಲ್ಲ?" ಎಂದರು. ಶಾರ್ಡ್ಲೋ ಬೆವರೊರೆಸಿಕೊಂಡು ಚಮಚವನ್ನು ಮೆಲ್ಲಗೆ ಆಚೆ ತಳ್ಳಿದ.

ಆಗ ಹಿಂದಿನ ಬೆಂಚಿನಿಂದ ಕೆಜಾಯಾ ಎದ್ದು ಬಂದಳು. "ಕುಡಿಯೋ ಶಾರ್ಡ್ಲೋ! ಯಾಕೆ ಕುಡಿಯಲ್ಲ? ನಿಮ್ಮಪ್ಪನ ಕೈಯಿಂದ ಕೊಂಡು ಕುಡಿಸಿದ್ನಲ್ಲೋ ನಾನು!" ಅವಳು ಪಂಚರತ್ತ ತಿರುಗಿದಳು. "ಹಾಗಾದ್ರೆ ನನ್ನ ಮೂರು ಮಕ್ಕಳನ್ನ ದೇವರು ಕರೆಸ್ಕೊಳ್ಳಲಿಲ್ವಾ?"

ವಿಚಾರಣಾಧಿಕಾರಿ ಅಫೀಮಿನಿಂದ ಸಾವು ಎಂದು ಬರೆದುಕೊಂಡರು. ಹೊನೋರಾ ಮನೆಗೆ ಬಂದಳು. ಕೆಜಾಯಾಳಿಗೆ ಶಿಕ್ಷೆಯಾಗಲಿಲ್ಲ, ಅವಳಿಗೆ ಇನ್ಯಾವ ಶಿಕ್ಷೆ ಬೇಕಿತ್ತು ಹೇಳಿ?

ಓದುವ ತಾಯಂದಿರೇ, ನಾವು ರಾಕ್ಷಸಿಯರಾಗಿರಲಿಲ್ಲ. ಹಸಿದಿದ್ದೆವು, ಹಿಂದಿನವರು ಮಾಡಿದ್ದನ್ನೇ ಮಾಡಿದೆವು. ಆ ವಾರ ಟೇಮರ್ ಮನೆಮನೆಗೆ ಹೋಗಿ ಜಗಳವಾಡಿದಳು. ಕೆಲವರು ಬಾಗಿಲು ಹಾಕಿಕೊಂಡರು, ಹಲವರು ಸೀಸೆಯನ್ನು ಚರಂಡಿಗೆ ಬಗ್ಗಿಸಿದರು. ಸರದಿಯ ಮೇಲೆ ಒಬ್ಬೊಬ್ಬರು ಕೆಲಸ ಬಿಟ್ಟು, ಹೊನೋರಾಳ ಜೊತೆ ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುವುದೆಂದು ಮಾಡಿಕೊಂಡೆವು. ಓಣಿಯಲ್ಲಿ ಈಗ ಮಕ್ಕಳ ಅಳುವಿನ ಗದ್ದಲವೋ ಗದ್ದಲ.

ಓಣಿಯ ತುದಿಯ ತನ್ನ ಅಂಗಡಿಯ ಗಿರಾಕಿಗಳಿಗೆ ತೊಂದರೆಯಾಗುತ್ತಿದೆ ಎಂದು ಶಾರ್ಡ್ಲೋ ಒಂದು ದಿನ ಆಳಿನ ಕೈಲಿ ಹೇಳಿ ಕಳಿಸಿದ. ಕೆಜಾಯಾ ಎದ್ದಳು. ಎಲ್ಲಕ್ಕಿಂತ ಜೋರಾಗಿ ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಅವನ ಅಂಗಡಿಯ ಬಾಗಿಲಲ್ಲೇ ಹೋಗಿ ಕೂತಳು.

"ಅಳು ಕಂದಾ," ಎಂದಳು. "ಇನ್ನೂ ಜೋರಾಗಿ ಅಳು."